ವಿರ್ಪಿಯ ಹಾಡು ಕೇಳಿದವರು

ಫಿನ್ಲೆಂಡಿನ ವರ್ಕೌಸ್ ಊರಿನ ಕಾಗದದ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದು ಹಳದಿ ಕಟ್ಟಡವಿದೆ. ಅದರ ಮೂರನೆಯ ಮಹಡಿಯಲ್ಲಿ ವಿರ್ಪಿ ತೆನ್ಹುನೆನ್ ಮತ್ತು ಅವಳ ಗಂಡ ಕೌಕೊ ಇರುತ್ತಾರೆ. ಆ ಕಟ್ಟಡದ ಎಲ್ಲರ ಮನೆಯಲ್ಲಿರುವಂತೆ ಇವರ ಮನೆಯಲ್ಲೂ ಬಚ್ಚಲಿಗೆ ಅಂಟಿಕೊಂಡು ಒಂದು ಸೌನಾ ಇದೆ. ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಷ್ಟು ಜಾಗ, ಸುತ್ತ ಮರದ ಹಲಗೆಯ ಗೋಡೆ, ಮೂಲೆಯಲ್ಲಿ ಕಲ್ಲು ತುಂಬಿದ ಒಲೆ. ಶನಿವಾರ ಸಂಜೆ ಮೇಲಿನ ಮನೆಯವರು, ಕೆಳಗಿನ ಮನೆಯವರು ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿ ಹಬೆಯಲ್ಲಿ ಬೆವರುವಾಗ ತೆನ್ಹುನೆನ್ ಮನೆಯ ಸೌನಾ ಮಾತ್ರ ತಣ್ಣಗಿರುತ್ತಿತ್ತು. ವಿರ್ಪಿ ಅದರ ಗೋಡೆಗೆಲ್ಲ ಹಳೆಯ ಹೊದಿಕೆಗಳನ್ನು ತೂಗುಹಾಕಿ, ಒಲೆಯ ಮೇಲೆ ಹಲಗೆ ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿ, ಎದುರಿಗೆ ಮೈಕ್ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಹಾಡುತ್ತಿದ್ದಳು. ಕೌಕೊ ಟವೆಲ್ ಹೆಗಲಿಗೆ ಹಾಕಿಕೊಂಡು ಊರಿನ ಈಜುಕೊಳದ ಸೌನಾಕ್ಕೆ ಹೋಗುತ್ತಿದ್ದ. ಅಲ್ಲಿ ಹಳೆಯ ಸಂಗಾತಿಗಳು ಕೆಣಕಿದರೆ, "ಹೆಂಡ್ತಿಗೆ ಸೌನಾ ಬಿಟ್ಕೊಟ್ಟಿರೋ ಗಂಡಸು ಇಡೀ ಫಿನ್ಲೆಂಡಲ್ಲಿ ನಾನೊಬ್ನೇ ಕಣ್ರೋ, ನಂಗೊಂದು ಪದಕ ಕೊಡಿ" ಎನ್ನುತ್ತಿದ್ದ.

ವಿರ್ಪಿಗೆ ಹಾಡು ಹೊಸದಲ್ಲ. ಹರೆಯದಲ್ಲಿ ಅವಳು ಬೇಸಿಗೆ ಬಂತೆಂದರೆ ನಾಲ್ವರು ಗಂಡಸರ ಒಂದು ಬ್ಯಾಂಡಿನ ಜೊತೆ ವ್ಯಾನಿನಲ್ಲಿ ಕೂತು, ಸರೋವರದ ದಂಡೆಗಳಲ್ಲಿರುವ ಕುಣಿತದ ಚಪ್ಪರಗಳಿಗೆಲ್ಲ ಹಾಡಲು ಹೋಗುತ್ತಿದ್ದಳು. ಒಮ್ಮೆ ತಾನೇ ಕಟ್ಟಿದ ಹಾಡೊಂದನ್ನು ಹಾಡಿ ತೋರಿಸಿದಾಗ ಬ್ಯಾಂಡಿನ ಯಜಮಾನ, ಅಕಾರ್ಡಿಯನ್ ನುಡಿಸುವವನು, ಪೂರ್ತಿ ಕೇಳಿ, "ಚೆನ್ನಾಗಿದೆ ಹುಡುಗಿ. ಆದ್ರೆ ಕುಣಿಯೋಕೆ ಬಂದೋರಿಗೆ ಕಾಲಿಗೆ ತಾಳ ಬೇಕು, ಕಿವಿಗೆ ಏನಿದ್ರೂ ನಡೆಯುತ್ತೆ" ಎಂದ. ಅವನು ಕೆಲಸ ಹುಡುಕಿಕೊಂಡು ಸ್ವೀಡನ್ನಿಗೆ ಹೋದ ವರ್ಷ ಬ್ಯಾಂಡು ಮುಗಿಯಿತು. ವಿರ್ಪಿ ಶಾಲೆಯ ಅಡುಗೆಮನೆಗೆ ಸೇರಿದಳು. ಕಾರ್ಖಾನೆಯಲ್ಲಿ ಕಾಗದದ ಯಂತ್ರ ನೋಡಿಕೊಳ್ಳುತ್ತಿದ್ದ ಕೌಕೊನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ವರ್ಷಗಳು ಒಂದರ ಹಿಂದೊಂದು ಹೋದವು. ಅವಳು ಊರಿನ ಎರಡು ತಲೆಮಾರಿನ ಮಕ್ಕಳಿಗೆ ಗುರುವಾರ ಗುರುವಾರ ಬಟಾಣಿ ಸಾರು ಬಡಿಸಿದಳು. ಹಾಡು ಮಾತ್ರ ಅವಳನ್ನು ಬಿಡಲಿಲ್ಲ. ದೊಡ್ಡ ಹಂಡೆಯಲ್ಲಿ ಬಟಾಣಿ ತಿರುವುತ್ತಿದ್ದರೆ ಒಂದು ಸಾಲು ಬರುತ್ತಿತ್ತು, ಸೈಕಲ್ಲಿನಲ್ಲಿ ಮನೆಗೆ ಬರುವಷ್ಟರಲ್ಲಿ ಎರಡನೆಯದು. ಐವತ್ತು ದಾಟಿದ ಮೇಲೆ, ಶಾಲೆಯವರು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದನ್ನು ಅಗ್ಗಕ್ಕೆ ಕೊಂಡು ತಂದು, ಸೌನಾದಲ್ಲಿ ಕೂತು ಹಾಡು ರೆಕಾರ್ಡ್ ಮಾಡುವುದನ್ನು ತಾನೇ ಎಡವುತ್ತ ಕಲಿತಳು.

ಮೊದಲ ಹಾಡು ಮುಗಿದ ದಿನ ಅವಳು ಹೆಡ್‌ಫೋನನ್ನು ಕೌಕೊನ ತಲೆಗೆ ಹಾಕಿದಳು. ಕಾಗದದ ಯಂತ್ರದ ಪಕ್ಕದಲ್ಲಿ ಮೂವತ್ತು ವರ್ಷ ನಿಂತವನ ಕಿವಿ ಅದು. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ತುಟಿ ನೋಡಿಕೊಂಡು ತಿಳಿಯುತ್ತಿದ್ದ, ಅಷ್ಟೇ. ಆಸ್ಪತ್ರೆಯವರು ಕೊಟ್ಟ ಕಿವಿಯಂತ್ರ ಹಾಕಿದರೆ ಎಲ್ಲವೂ ತಗಡು ಬಡಿದ ಹಾಗೆ ಕೇಳುತ್ತದೆ ಎಂದು ಅದನ್ನು ಡ್ರಾಯರಿನಲ್ಲಿ ಹಾಕಿಬಿಟ್ಟಿದ್ದ. ಅವನು ಅಡುಗೆಮನೆಯ ಮೇಜಿನ ಮುಂದೆ ಕಣ್ಣು ಮುಚ್ಚಿ ಕೂತು, ಮೆಲ್ಲಗೆ ತಲೆದೂಗುತ್ತ ಕೇಳಿದ. ಹಾಡು ಮುಗಿಯಿತು. ಅವನು ತಲೆದೂಗುತ್ತಲೇ ಇದ್ದ. ವಿರ್ಪಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೆಡ್‌ಫೋನನ್ನು ಮೆಲ್ಲಗೆ ತೆಗೆದಳು.

"ಚೆನ್ನಾಗಿದೆ" ಎಂದ ಕೌಕೊ, ಅವಳ ಮುಖ ನೋಡುತ್ತ. "ತುಂಬಾ ಚೆನ್ನಾಗಿದೆ."

ಅವಳು ಮತ್ತೆಂದೂ ಅವನಿಗೆ ಹೆಡ್‌ಫೋನ್ ಹಾಕಲಿಲ್ಲ.

ಕೇಳಲು ಬೇರೆಯವರು ಬೇಕಾಯಿತು. ಮನೆಯಲ್ಲಿ ಮಾಡಿದ ಹಾಡನ್ನು ಇಂಟರ್ನೆಟ್ಟಿನಲ್ಲಿ ಜನ ಹಾಡು ಕೇಳುವ ಎಲ್ಲ ತಾಣಗಳಿಗೂ ತಲುಪಿಸುವ ಕಂಪನಿಯೊಂದಿದೆ ಎಂದು ತಿಳಿದು ಅಲ್ಲಿ ಹೆಸರು ಬರೆಸಿದಳು. ವರ್ಷಕ್ಕೆ ಏಳೆಂಟು ಹಾಡು ಹೋದವು. ಸರೋವರ ಹೆಪ್ಪುಗಟ್ಟುವ ಮುಂಚಿನ ಸದ್ದಿನ ಮೇಲೊಂದು, ಕಾರ್ಖಾನೆಯ ಶಿಫ್ಟ್ ಬಿಟ್ಟಾಗ ಗೇಟಿನಲ್ಲಿ ಕಾಯುವ ನಾಯಿಯ ಮೇಲೊಂದು. ಜೊತೆಗೆ ಕೆಲಸ ಮಾಡುವ ಮಿರ್ಯಾ ಸೋಮವಾರ ಬೆಳಿಗ್ಗೆ ಆಲೂಗಡ್ಡೆ ಸುಲಿಯುವಾಗ ತಪ್ಪದೆ ಕೇಳುತ್ತಿದ್ದಳು.

"ಏನ್ ಗಾಯಕಿಯವ್ರೇ, ಈ ವಾರ ಎಷ್ಟ್ ಜನ ಕೇಳಿದ್ರು?"

"ಆರು."

"ಪರ್ವಾಗಿಲ್ವೇ."

"ಅದ್ರಲ್ಲಿ ಮೂರು ನಾನೇ."

"ಇನ್ನೊಂದು ನಾನು. ಬಸ್ಸಲ್ಲಿ ಹಾಕ್ಕೊಂಡಿದ್ದೆ, ನಿದ್ದೆ ಬಂತು. ಅದನ್ನೂ ಲೆಕ್ಕ ಹಿಡೀತಾರಾ?"

ಇಬ್ಬರೂ ನಗುತ್ತಿದ್ದರು. ಆದರೆ ಮನೆಗೆ ಬಂದು ಪರದೆಯ ಮೇಲಿನ ಆ ಸಣ್ಣ ಅಂಕಿಯನ್ನು ನೋಡುವಾಗ ವಿರ್ಪಿಗೆ ನಗು ಬರುತ್ತಿರಲಿಲ್ಲ. ಅಂಕಿ ನೋಡಿ, ಮುಚ್ಚಿ, ಕಾಫಿ ಕುಡಿದು, ಮತ್ತೆ ತೆಗೆದು ನೋಡುತ್ತಿದ್ದಳು. ಶರತ್ಕಾಲದ ಒಂದು ಸಂಜೆ ಅವಳು ಲ್ಯಾಪ್‌ಟಾಪ್ ಮುಚ್ಚಿ, ಪಕ್ಕದಲ್ಲಿ ಕೂತಿದ್ದ ಕೌಕೊನ ಕಡೆ ತಿರುಗಿ, ಅವನಿಗೆ ಕಾಣುವ ಹಾಗೆ ತುಟಿಯಾಡಿಸಿ ಹೇಳಿದಳು: "ಬಾವಿಗೆ ಕಲ್ಲು ಹಾಕಿದ್ರೆ ಒಂದು ಸದ್ದಾದ್ರೂ ಬರುತ್ತೆ ಕಣೋ. ಇದಕ್ಕೆ ಅದೂ ಇಲ್ಲ. ಈ ಚಳಿಗಾಲ ಮುಗಿದ್ರೆ ನಿಲ್ಲಿಸ್ಬಿಡ್ತೀನಿ."

ಕೌಕೊ ಎದ್ದ. ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚಿದ.

ಆ ಶರತ್ಕಾಲದಲ್ಲೇ ಅವನು ಸಿಗರೇಟು ಬಿಟ್ಟ. ನಲವತ್ತು ವರ್ಷದ ಚಟ. ವಿರ್ಪಿ ನಂಬಲಿಲ್ಲ, ಮಿರ್ಯಾ ನಂಬಲಿಲ್ಲ, ಈಜುಕೊಳದ ಸಂಗಾತಿಗಳಂತೂ ಬಾಜಿ ಕಟ್ಟಿದರು. ಅವನು ಬಿಟ್ಟೇಬಿಟ್ಟ. ಇತ್ತ ವಿರ್ಪಿಯ ಪರದೆಯ ಮೇಲಿನ ಅಂಕಿ ಏರತೊಡಗಿತು. ಮೊದಲು ನೂರರಲ್ಲಿ, ಕ್ರಿಸ್‌ಮಸ್ ಹೊತ್ತಿಗೆ ಸಾವಿರದಲ್ಲಿ. ಕೇಳಿದವರ ಊರುಗಳ ಹೆಸರು ಕೆಳಗೆ ಬರುತ್ತಿತ್ತು: ಬ್ರೆಜಿಲ್ ಕಡೆಯವು, ವಿಯೆಟ್ನಾಂ ಕಡೆಯವು, ಅವಳು ಬಾಯಲ್ಲಿ ಹೇಳಲಾಗದವು.

"ಅವ್ರಿಗೆ ನಮ್ ಭಾಷೆ ಎಲ್ಲಿ ಬರುತ್ತೆ?" ಎಂದಳು ಗಂಡನಿಗೆ.

"ಹಾಡಿಗೆ ಭಾಷೆ ಯಾಕ್ ಬೇಕು? ನಂಗೆ ಇಲ್ಲಿ ನಮ್ ಭಾಷೆಯೋರು ಮಾತಾಡಿದ್ರೇ ಗೊತ್ತಾಗಲ್ಲ" ಎಂದ ಕೌಕೊ. ಅವಳು ನಕ್ಕುಬಿಟ್ಟಳು.

ಆ ಚಳಿಗಾಲ ವಿರ್ಪಿಯ ನಡಿಗೆಯೇ ಬದಲಾಯಿತು ಎಂದು ಮಿರ್ಯಾ ಈಗಲೂ ಹೇಳುತ್ತಾಳೆ. ಕತ್ತಲಲ್ಲಿ ಕೆಲಸಕ್ಕೆ ಬಂದು ಕತ್ತಲಲ್ಲಿ ಮನೆಗೆ ಹೋಗುವ ದಿನಗಳಲ್ಲೂ ಅವಳು ಹಂಡೆಯ ಮುಂದೆ ಗಟ್ಟಿಯಾಗಿ ಹಾಡುತ್ತಿದ್ದಳು. ವಾರಕ್ಕೆ ಒಂದು ದಿನದ ಕೆಲಸ ಬಿಟ್ಟಳು. ಆ ದಿನ ಬೆಳಿಗ್ಗೆಯಿಂದ ಸೌನಾದಲ್ಲೇ. ಬ್ರೆಜಿಲ್ಲಿನ ಸಾವೊಪಾಲೊದಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತ ತನ್ನ ಹಾಡು ಕೇಳುತ್ತಿದ್ದಾಳೆ ಎಂದು ಅವಳು ಕಲ್ಪಿಸಿಕೊಂಡಿದ್ದಳು. ಆ ಹೆಂಗಸಿಗೆ ಒಂದು ಮುಖ ಕೊಟ್ಟಿದ್ದಳು, ಒಂದು ನೀಲಿ ಬಕೆಟ್ ಕೊಟ್ಟಿದ್ದಳು. ಹಾಡುವಾಗ ಮೈಕಿನ ಹಿಂದೆ ಆ ಹೆಂಗಸೇ ನಿಂತಿರುತ್ತಿದ್ದಳು.

ಊರಿನ ಪತ್ರಿಕೆಗೆ ಸುದ್ದಿ ತಲುಪಿತು. ಶಾಲೆಯ ಅಡುಗೆಯವಳ ಹಾಡನ್ನು ಲೋಕವೆಲ್ಲ ಕೇಳುತ್ತಿದೆ ಎಂದು ಅರ್ಧ ಪುಟ ಬರೆದರು. ಏಪ್ರನ್ ಕಟ್ಟಿಕೊಂಡು, ಸೌಟು ಹಿಡಿದು ನಗುತ್ತಿರುವ ಫೋಟೊ. ಮಿರ್ಯಾ ಅದನ್ನು ಕತ್ತರಿಸಿ ಅಡುಗೆಮನೆಯ ಶೈತ್ಯಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದಳು. ಗ್ರಂಥಾಲಯದ ಹಿಲ್ಕಾ ಫೋನ್ ಮಾಡಿ, ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಹಾಡಬೇಕೆಂದು ಕೇಳಿದಳು. "ನಮ್ಮೂರಲ್ಲೇ ಇದ್ರಿ, ನಮಗೇ ಗೊತ್ತಿರ್ಲಿಲ್ಲ ನೋಡಿ. ನಾಚಿಕೆ ಆಗುತ್ತೆ" ಎಂದಳು. ವಿರ್ಪಿ ಫೋನ್ ಇಟ್ಟು ಕೌಕೊನ ಕೊರಳಿಗೆ ಕೈಹಾಕಿ ನಿಂತಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಹಾಗೆ ನಿಂತದ್ದು ಎಷ್ಟು ಸಲ ಎಂದು ಬೆರಳಲ್ಲಿ ಎಣಿಸಿ ಹೇಳಬಹುದು. ಕೌಕೊ ಅವಳ ಬೆನ್ನು ಸವರಿದ. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ.

ಇಮೇಲ್ ಬಂದದ್ದು ಫೆಬ್ರವರಿಯಲ್ಲಿ, ಮಧ್ಯಾಹ್ನದ ಪಾತ್ರೆ ತೊಳೆಯುವ ಹೊತ್ತಿನಲ್ಲಿ. ಕೈ ಒರೆಸಿಕೊಂಡು ಫೋನ್ ತೆಗೆದು ಓದಿದಳು. ಅವಳ ಹಾಡುಗಳನ್ನು ಮನುಷ್ಯರಿಂದಲ್ಲ, ಯಂತ್ರಗಳಿಂದ ಕೇಳಿಸಿ ಲೆಕ್ಕ ಹೆಚ್ಚಿಸಿರುವುದು ಪತ್ತೆಯಾಗಿದೆ, ಆದ್ದರಿಂದ ಎಲ್ಲ ಹಾಡುಗಳನ್ನೂ ಎಲ್ಲ ತಾಣಗಳಿಂದ ತೆಗೆಯಲಾಗಿದೆ, ಖಾತೆ ಮುಚ್ಚಲಾಗಿದೆ ಎಂದು ಅದರಲ್ಲಿತ್ತು. ಅವಳಿಗೆ ಅರ್ಥವಾಗಲಿಲ್ಲ. ಮಿರ್ಯಾಗೆ ತೋರಿಸಿದಳು.

"ಇನ್ಯಾರದ್ದೋ ನಿಂಗೆ ಬಂದಿರುತ್ತೆ ಬಿಡೇ" ಎಂದಳು ಮಿರ್ಯಾ. "ಬರೆದು ಹಾಕು, ಸರಿಮಾಡ್ತಾರೆ."

ವಿರ್ಪಿ ಬರೆದು ಹಾಕಿದಳು. ತಾನು ಯಾವ ಯಂತ್ರವನ್ನೂ ಬಳಸಿಲ್ಲ, ಶಾಲೆಯಲ್ಲಿ ಅಡುಗೆ ಮಾಡುವವಳು, ದಯವಿಟ್ಟು ಯಾರಾದರೂ ಮನುಷ್ಯರು ನೋಡಿ ಉತ್ತರಿಸಬೇಕು ಎಂದು ಕೇಳಿಕೊಂಡಳು. ತಕ್ಷಣ ಉತ್ತರ ಬಂತು, ಮೊದಲಿನ ಮಾತುಗಳೇ. ಮತ್ತೆ ಬರೆದಳು. ಮತ್ತೆ ಅವೇ ಮಾತು. ಅದರ ನಂತರ ಉತ್ತರ ಬರುವುದೂ ನಿಂತಿತು. ತನ್ನ ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಇಷ್ಟು ವರ್ಷದ ಹಾಡು ಇದ್ದ ಗುರುತೇ ಇರಲಿಲ್ಲ.

ಒಂದು ವಾರ ಅವಳು ಹೀಗೆ ಒದ್ದಾಡುವುದನ್ನು ಕೌಕೊ ನೋಡಿದ. ಭಾನುವಾರ ಬೆಳಿಗ್ಗೆ ಕಾಫಿ ಬಗ್ಗಿಸಿ ಎದುರಿಗಿಟ್ಟು, ಅವಳು ಗ್ರಾಹಕರ ಹಕ್ಕಿನ ಕಚೇರಿಗೆ ದೂರು ಬರೆಯಲು ಕೂತಿದ್ದಾಗ, ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಬರೀಬೇಡ ವಿರ್ಪಿ."

"ಯಾಕೆ?"

"ಅವ್ರು ಹೇಳ್ತಿರೋದು ನಿಜ."

ಅವಳು ಅವನ ಮುಖ ನೋಡಿದಳು. ಕೌಕೊ ಮೇಜು ನೋಡುತ್ತಿದ್ದ. ಮೇಜು ನೋಡಿದರೆ ಅವಳ ಮಾತು ಅವನಿಗೆ ತಿಳಿಯುವುದಿಲ್ಲ. ತಿಳಿಯುವುದು ಬೇಡವೆಂದೇ ನೋಡುತ್ತಿದ್ದನೇನೋ. ಅವನೇ ಹೇಳುತ್ತ ಹೋದ. ಕಂಪ್ಯೂಟರಿನಲ್ಲಿ ಒಂದು ಕಡೆ ಕೇಳುಗರನ್ನು ಮಾರುತ್ತಾರೆ. ತಿಂಗಳು ತಿಂಗಳು ಕಟ್ಟಬೇಕು. ಸಿಗರೇಟಿಗೆ ಹೋಗುತ್ತಿದ್ದ ದುಡ್ಡು ಸಾಕಾಯಿತು. ನಿಜವಾದ ಜನ ಕೇಳುತ್ತಾರೆಂದೇ ಅವರು ಬರೆದಿದ್ದರು, ತಾನು ನಂಬಿದೆ.

"ನಿಲ್ಲಿಸ್ಬಿಡ್ತೀನಿ ಅಂದ್ಯಲ್ಲ. ಆ ಮಾತು ನಂಗೆ ಆಗ್ಲಿಲ್ಲ" ಎಂದ. "ಅವತ್ತು ನೀನು ನಂಗೆ ಹೆಡ್‌ಫೋನ್ ಹಾಕ್ದೆ. ಹಾಡು ಯಾವಾಗ ಮುಗೀತು ಅಂತ ನಂಗ್ ಗೊತ್ತಾಗ್ಲಿಲ್ಲ. ಕಣ್ ಬಿಟ್ರೆ ನಿನ್ನ ಮುಖ ಹಾಗಿತ್ತು. ನನ್ ಕೈಲಂತೂ ಕೇಳೋಕಾಗಲ್ಲ, ಬೇರೆ ಯಾರಾದ್ರೂ ಕೇಳ್ಲಿ ಅಂದ್ಕೊಂಡೆ."

ವಿರ್ಪಿ ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಯಾರೂ ಕೇಳ್ಲಿಲ್ಲ ಕೌಕೊ" ಎಂದಳು, ಒಂದೊಂದೇ ಮಾತು ಬಿಡಿಸಿ. "ಸಾವೊಪಾಲೊದಲ್ಲಿ ಯಾರೂ ಇರ್ಲಿಲ್ಲ."

ಅವನಿಗೆ ಸಾವೊಪಾಲೊದ ವಿಷಯ ಅರ್ಥವಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಅವಳು ಕೂಗಾಡಿದ್ದರೆ, ಕಪ್ಪು ಎಸೆದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಎದ್ದು ಕಾಫಿಯನ್ನು ಸಿಂಕಿಗೆ ಸುರಿದು, ಕೋಟು ಹಾಕಿಕೊಂಡು ಸರೋವರದ ಕಡೆ ಹೋದಳು. ಹೆಪ್ಪುಗಟ್ಟಿದ ನೀರಿನ ಮೇಲೆ ಮೀನು ಹಿಡಿಯುವವರು ಅಲ್ಲೊಬ್ಬ ಇಲ್ಲೊಬ್ಬ ತೂತು ಕೊರೆದು, ಮುಕ್ಕಾಲಿ ಹಾಕಿ ಬೆನ್ನು ಬಾಗಿಸಿ ಕೂತಿದ್ದರು. ಅವರ ನಡುವೆ ನಡೆದುಹೋದಳು. ಯಾರೂ ತಲೆಯೆತ್ತಲಿಲ್ಲ. ತನಗೆ ಕೋಪ ಬರುತ್ತಿಲ್ಲವಲ್ಲ ಎಂಬುದೇ ಅವಳಿಗೆ ಹೆದರಿಕೆಯಾಗಿತ್ತು. ಕೋಪ ಮಾಡಿಕೊಳ್ಳಲು ಅವನು ಮಾಡಿದ್ದು ಕೆಟ್ಟದ್ದಾಗಿರಬೇಕಿತ್ತು. ಪ್ರೀತಿಯಿಂದಲೇ ಮಾಡಿದ್ದ, ಅದಕ್ಕೇ ಅವಳಿಗೆ ಬೈಯಲು ಬಾಯಿಲ್ಲ, ಕ್ಷಮಿಸಲು ಮನಸ್ಸಿಲ್ಲ.

ಗ್ರಂಥಾಲಯಕ್ಕೆ ಫೋನ್ ಮಾಡಿ, ಹಾಡಲು ಆಗುವುದಿಲ್ಲ ಎಂದಳು.

"ಹುಷಾರಿಲ್ವಾ?" ಎಂದಳು ಹಿಲ್ಕಾ. "ಪೋಸ್ಟರ್ ಹಾಕಿಬಿಟ್ಟಿದ್ದೀವಿ. ಏಪ್ರಿಲ್‌ಗೆ ಮುಂದೂಡೋಣ ಬೇಕಾದ್ರೆ."

"ಹುಷಾರಿದ್ದೀನಿ. ಪತ್ರಿಕೇಲಿ ಬಂದಿದ್ದು ನಿಜ ಅಲ್ಲ. ಅಷ್ಟು ಜನ ಕೇಳಿಲ್ಲ."

"ಎಷ್ಟ್ ಜನ ಕೇಳಿದ್ರೇನು, ನಮ್ಮೂರೋರು ಬರ್ತಾರೆ."

"ಅವ್ರು ಆ ಅಂಕಿ ನೋಡಿ ಬರ್ತಿರೋದು" ಎಂದಳು ವಿರ್ಪಿ.

ಸಣ್ಣ ಊರು. ಪೋಸ್ಟರ್ ಇಳಿಸಿದ್ದೇ ತಡ, ಕಾರಣ ಎಲ್ಲರಿಗೂ ಗೊತ್ತಾಯಿತು. ಗಂಡನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ವಿರ್ಪಿಯೇ ಕೇಳುಗರನ್ನು ಕೊಂಡಳು ಎಂದಾಯಿತು. ಅವಳು ತಿದ್ದಲು ಹೋಗಲಿಲ್ಲ. ಈಜುಕೊಳದ ಸಂಗಾತಿಗಳು ಕೌಕೊನ ಹೆಗಲು ತಟ್ಟಿ, "ಹೆಂಗಸರಿಗೆ ಈ ವಯಸ್ಸಲ್ಲಿ ಏನೇನೋ ಹುಚ್ಚು ಹತ್ತುತ್ತೆ ಬಿಡೋ" ಎಂದರಂತೆ. ಅದು ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ. ಶಾಲೆಯಲ್ಲಿ ಶೈತ್ಯಪೆಟ್ಟಿಗೆಯ ಬಾಗಿಲಿನ ಮೇಲಿದ್ದ ಪತ್ರಿಕೆಯ ತುಂಡು ಒಂದು ಬೆಳಿಗ್ಗೆ ಇರಲಿಲ್ಲ. ಮಿರ್ಯಾ ತೆಗೆದಿದ್ದಳು.

ಬೇಸಿಗೆ ಹಾಗೇ ಹೋಯಿತು. ಸೆಪ್ಟೆಂಬರಿನಲ್ಲಿ ವಿರ್ಪಿಗೆ ಒಂದು ಹಾಡು ಬಂತು. ಬರಲಿ ಎಂದು ಅವಳು ಕಾದಿರಲಿಲ್ಲ. ದಾರಿಯಲ್ಲಿ ಕಳೆದುಹೋದ ಕೈಗವಸನ್ನು ಯಾರೋ ಎತ್ತಿ ಬೇಲಿಯ ಗೂಟಕ್ಕೆ ಸಿಕ್ಕಿಸಿಟ್ಟಿರುತ್ತಾರಲ್ಲ, ಕಳೆದವರು ಬಂದು ನೋಡಲಿ ಎಂದು. ಅಂಥದೊಂದು ಕೈಗವಸಿನ ಹಾಡು. ಎರಡು ದಿನ ತಡೆದುಕೊಂಡಳು, ಮೂರನೆಯ ದಿನ ಸೌನಾಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಬೇರೊಂದು ಕಂಪನಿಯಲ್ಲಿ, ತಾಯಿಯ ತವರಿನ ಹೆಸರು ಹಾಕಿ, ಆ ಒಂದೇ ಹಾಡನ್ನು ಕಳಿಸಿದಳು. ಯಾರಿಗೂ ಹೇಳಲಿಲ್ಲ. ಕೌಕೊಗೆ ಗೊತ್ತಾಯಿತೋ ಇಲ್ಲವೋ ವಿಚಾರಿಸಲಿಲ್ಲ. ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇರುತ್ತಿತ್ತು.

ಅಕ್ಟೋಬರಿನವರೆಗೆ ಅಂಕಿ ಸೊನ್ನೆ. ಆಮೇಲೆ ಒಂದಾಯಿತು, ನಾಲ್ಕಾಯಿತು, ಒಂದೇ ವಾರದಲ್ಲಿ ಇಪ್ಪತ್ತು ದಾಟಿತು. ಏರುತ್ತಿದ್ದ ಅಂಕಿ ನೋಡಿ ಅವಳು ತಲೆಯೆತ್ತಿದಳು. ಕೌಕೊ ಕಿಟಕಿಯ ಹತ್ತಿರ ಕೂತು ಮೀನಿನ ಗಾಳದ ದಾರ ಸುತ್ತುತ್ತಿದ್ದ. ಅವಳು ಅವನ ಬೆನ್ನನ್ನೇ ನೋಡಿದಳು. ಮರುದಿನ ಹಾಡಿನ ಕೆಳಗೆ ಒಂದು ಸಂದೇಶ ಬಂದಿತ್ತು. ಬರೆದವರ ನಿಜವಾದ ಹೆಸರಿಲ್ಲ, 'ಕಿಟಕಿಯ ಪಕ್ಕದವಳು' ಎಂದಷ್ಟೇ. ಸಂದೇಶ ಹೀಗಿತ್ತು: ನಾನು ಹಾಸಿಗೆ ಹಿಡಿದು ಬಹಳ ತಿಂಗಳಾಯಿತು. ನಿಮ್ಮ ಹಾಡನ್ನು ದಿನವೂ ಹಾಕಿಸಿಕೊಳ್ಳುತ್ತೇನೆ, ಒಂದಲ್ಲ, ನಾಲ್ಕಾರು ಸಲ. ಎರಡನೆಯ ಚರಣದಲ್ಲಿ ನಿಮ್ಮ ಹಿಂದೆ ಎಲ್ಲೋ ಲಿಫ್ಟ್ ಇಳಿಯುವ ಸದ್ದು ಕೇಳಿಸುತ್ತದೆ. ಯಾರೋ ಮನೆಗೆ ಬರುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಇನ್ನೂ ಹಾಡಿ.

ವಿರ್ಪಿ ಅದನ್ನು ಒಮ್ಮೆ ಓದಿದಳು. ಎರಡನೆಯ ಸಲ ಓದಲಿಲ್ಲ. ಈ ಸಲ ಕೌಕೊ ಬರೀ ಅಂಕಿಯಿಂದ ತೃಪ್ತಿಯಾಗದೆ ಮಾತನ್ನೂ ಕೊಂಡುಕೊಟ್ಟಿದ್ದಾನೆ, ಇಲ್ಲ ತಾನೇ ಕೂತು ಬರೆದಿದ್ದಾನೆ. ಹಾಸಿಗೆ ಹಿಡಿದವಳಂತೆ. ಹಾಡನ್ನು ಅಳಿಸಿದಳು, ಖಾತೆ ಮುಚ್ಚಿದಳು, ಖಚಿತವೇ ಎಂದು ಕೇಳಿದ್ದಕ್ಕೆಲ್ಲ ಹೌದು ಒತ್ತಿದಳು. ಆಮೇಲೆ ಹೋಗಿ ಕೌಕೊನ ಎದುರಿಗೆ ನಿಂತಳು.

"ಇನ್ನೊಂದ್ ಸಲ ಹೀಗ್ ಮಾಡಿದ್ರೆ ನಾನು ಈ ಮನೇಲಿರಲ್ಲ."

"ಏನ್ ಮಾಡ್ದೆ?"

"ನಾಟಕ ಆಡ್ಬೇಡ. ಹಾಸಿಗೆ ಹಿಡಿದೋಳ ಹೆಸರಲ್ಲಿ ಬರೆದ್ಯಲ್ಲ. ಲಿಫ್ಟ್ ಸದ್ದು ಕೇಳುತ್ತೆ, ಯಾರೋ ಮನೆಗೆ ಬಂದ ಹಾಗಾಗುತ್ತೆ ಅಂತ."

ಕೌಕೊ ಅವಳ ತುಟಿಗಳನ್ನೇ ನೋಡಿದ. ತಪ್ಪು ತಿಳಿದೆನೇನೋ ಎಂಬಂತೆ ಹುಬ್ಬು ಗಂಟಿಕ್ಕಿದ.

"ಲಿಫ್ಟಾ?" ಎಂದ. "ನಮ್ ಲಿಫ್ಟ್ ಸದ್ದು ಮಾಡುತ್ತಾ?"

ವಿರ್ಪಿ ನಿಂತಲ್ಲೇ ನಿಂತಳು. ಆ ಸದ್ದು ಸೌನಾದ ಗೋಡೆಯಾಚೆಯದು. ಅವಳು ರೆಕಾರ್ಡ್ ಮಾಡುವಾಗಲೇ ಕೇಳಿಸಿಕೊಂಡಿದ್ದಳು. ಹಾಡು ಚೆನ್ನಾಗಿ ಬಂದಿತ್ತೆಂದು ಹಾಗೇ ಬಿಟ್ಟಿದ್ದಳು. ಹೆಡ್‌ಫೋನ್ ಹಾಕಿ ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಸಿಗುವ ಸದ್ದು.

ಓಡಿಹೋಗಿ ಲ್ಯಾಪ್‌ಟಾಪ್ ತೆರೆದಳು. ಸಂದೇಶವೂ ಹೋಗಿತ್ತು, ಬರೆದವಳ ಗುರುತೂ ಹೋಗಿತ್ತು. ಕಂಪನಿಗೆ ಬರೆದಳು, ಅಳಿಸಿದ್ದು ಮರಳಿ ಬರುವುದಿಲ್ಲ ಎಂಬ ಉತ್ತರ ಬಂತು. ಅದೇ ಹಾಡನ್ನು ಅದೇ ಹೆಸರಿನಲ್ಲಿ ಮತ್ತೆ ಏರಿಸಿದಳು, ಕೆಳಗೆ, ಕಿಟಕಿಯ ಪಕ್ಕದವರು ದಯವಿಟ್ಟು ಬರೆಯಿರಿ, ತಪ್ಪು ನನ್ನದು ಎಂದು ಸೇರಿಸಿದಳು. ಆ ಚಳಿಗಾಲವೆಲ್ಲ ದಿನವೂ ನೋಡಿದಳು. ಯಾರೋ ಮೂವರು ಕೇಳಿದರು. ಬರೆಯಲಿಲ್ಲ. ಹಾಡು ಕಾಣೆಯಾದ ಬೆಳಿಗ್ಗೆ ಆ ಹೆಂಗಸು, ಹಾಡು ಹಾಕಿಕೊಡುವವರನ್ನು 'ಇನ್ನೊಮ್ಮೆ ಹುಡುಕಿ' ಎಂದು ಎಷ್ಟು ಸಲ ಕೇಳಿರಬಹುದು, ಎಷ್ಟು ದಿನಕ್ಕೆ ಆಸೆ ಬಿಟ್ಟಿರಬಹುದು ಎಂದು ಯೋಚಿಸುವುದನ್ನು ವಿರ್ಪಿಗೆ ನಿಲ್ಲಿಸಲಾಗಲಿಲ್ಲ. ಈ ಹೆಂಗಸಿಗೆ ಅವಳು ಮುಖ ಕೊಡಲಿಲ್ಲ. ಕೊಡಲು ಧೈರ್ಯ ಬರಲಿಲ್ಲ.

ಕೌಕೊ ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಕಾಫಿ ಮಾಡಿಡುತ್ತಾನೆ, ಅವಳ ಸೈಕಲ್ಲಿನ ಮೇಲಿನ ಹಿಮ ಒರೆಸಿಡುತ್ತಾನೆ. ಜಗಳವಿಲ್ಲ. ಅವಳು ಬಿಟ್ಟಿದ್ದ ಒಂದು ದಿನದ ಕೆಲಸವನ್ನು ಮರಳಿ ಕೇಳಿ ಪಡೆದಿದ್ದಾಳೆ. ಮೊನ್ನೆ ಅಡುಗೆಮನೆಯಲ್ಲಿ ಹಿಟ್ಟು ಕಲಸುವ ಯಂತ್ರ ಗರಗರ ಎನ್ನುತ್ತಿದ್ದಾಗ ಮಿರ್ಯಾ, "ಏನಾದ್ರೂ ಹಾಡೇ, ಈ ಸದ್ದು ತಲೆ ತಿಂತಿದೆ" ಎಂದಳು.

"ಗಂಟಲು ಸರಿ ಇಲ್ಲ" ಎಂದಳು ವಿರ್ಪಿ.

"ಯಾವಾಗ್ಲಿಂದ?"

ವಿರ್ಪಿ ಹಾಲಿನ ಕ್ಯಾನು ಎತ್ತಿ ಹಿಟ್ಟಿಗೆ ಸುರಿದಳು. ಹೊರಗೆ ಮಕ್ಕಳು ತಟ್ಟೆ ಹಿಡಿದು ಆಗಲೇ ಸಾಲು ನಿಂತಿದ್ದರು.